ಮ್ಯಾಂಚೆಸ್ಟರ್‌ಗೆ ಹೋದವರು ಈಡೇಲ್‌ನಲ್ಲಿ ಇಳಿಯಿರಿ



ಬೇಸಿಗೆ ಬಂತೆಂದರೆ ನಿಮ್ಮ ಫೋನುಗಳ ಧಾಟಿಯೇ ಬದಲಾಗುತ್ತದೆ. "ಇನ್ನು ಮೂರು ತಿಂಗಳು ನಮ್ಮ ಫೋನ್ ಬರಲ್ಲ, ಮಗಳ ಮನೆಗೆ ಮ್ಯಾಂಚೆಸ್ಟರ್‌ಗೆ ಹೋಗ್ತಾ ಇದ್ದೀವಿ" ಎನ್ನುತ್ತೀರಿ. ವಾಪಸು ಬಂದ ಮೇಲೆ ಏನು ನೋಡಿದಿರಿ ಅಂತ ಕೇಳಿದರೆ ಲಂಡನ್ನಿನ ಎರಡು ದಿನದ ಕತೆ ಹೇಳಿ ಸುಮ್ಮನಾಗುತ್ತೀರಿ. ಮಕ್ಕಳು ಆಫೀಸಿಗೆ ಹೋದ ಮೇಲೆ ಉಳಿದ ದಿನವೆಲ್ಲ ಕಿಟಕಿ, ಟಿವಿ, ಮಳೆ! ಈ ಸಲ ಹೊರಡುವವರಿಗಾಗಿ ಈ ಪುಟ. ಮ್ಯಾಂಚೆಸ್ಟರಿನ ಪಿಕಡಿಲಿ ನಿಲ್ದಾಣದಲ್ಲಿ ಶೆಫೀಲ್ಡ್ ಕಡೆಯ ನಿಧಾನದ ರೈಲು ಹತ್ತಿ. ಮುಕ್ಕಾಲು ಗಂಟೆಯಲ್ಲಿ, ಒಂದು ಉದ್ದನೆಯ ಸುರಂಗ ದಾಟಿದ ಕೂಡಲೇ, ಈಡೇಲ್ ಎಂಬ ಪುಟ್ಟ ಸ್ಟೇಷನ್ ಬರುತ್ತದೆ. ಅಲ್ಲಿ ಇಳಿದರೆ ನೀವು ಪೀಕ್ ಡಿಸ್ಟ್ರಿಕ್ಟ್‌ನ ನಡುಮನೆಗೇ ಬಂದಿರಿ ಅಂತ ಲೆಕ್ಕ.

ಹೆಸರು ಕೇಳಿ ಹಿಮಾಲಯವನ್ನು ಊಹಿಸಿಕೊಳ್ಳಬೇಡಿ. ಇಲ್ಲಿ ಚೂಪಾದ ಶಿಖರಗಳು ಇಲ್ಲವೇ ಇಲ್ಲ. ಎಲ್ಲಕ್ಕಿಂತ ಎತ್ತರದ ಕಿಂಡರ್ ಸ್ಕೌಟ್ 636 ಮೀಟರ್ ಅಷ್ಟೆ. ನಮ್ಮ ಬೆಂಗಳೂರೇ 900 ಮೀಟರಿನ ಆಸುಪಾಸಿನಲ್ಲಿದೆ! ಆದರೆ ಅಲ್ಲಿನ ಗಾಳಿ, ಮಂಜು, ಮರವಿಲ್ಲದ ಬೋಳು ಬಯಲು ಸೇರಿ ಆ 636 ಮೀಟರನ್ನೇ ಬಹಳ ದೊಡ್ಡದು ಮಾಡುತ್ತವೆ. ಉತ್ತರಕ್ಕೆ ಕಪ್ಪು ಮರಳುಗಲ್ಲು, ಕಾಲಿಟ್ಟರೆ ಹುಗಿಯುವ ಜವುಗು ನೆಲ. ದಕ್ಷಿಣಕ್ಕೆ ಬಿಳಿ ಸುಣ್ಣಕಲ್ಲು, ಹಸುರು ಕಣಿವೆ, ಗುಹೆಗಳು. ಅಲ್ಲಿಯವರು ಇವಕ್ಕೆ ಡಾರ್ಕ್ ಪೀಕ್, ವೈಟ್ ಪೀಕ್ ಎಂದೇ ಹೆಸರಿಟ್ಟಿದ್ದಾರೆ.

ಇದು 1951ರಲ್ಲಿ ಘೋಷಣೆಯಾದ ಬ್ರಿಟನ್ನಿನ ಮೊತ್ತಮೊದಲ ನ್ಯಾಷನಲ್ ಪಾರ್ಕ್. ನಮ್ಮ ಬಂಡೀಪುರ, ನಾಗರಹೊಳೆಯ ಹಾಗೆ ಗೇಟು, ಜೀಪು, ಟಿಕೆಟ್ ಇರಬಹುದೆಂದುಕೊಂಡರೆ ತಪ್ಪು. ಪಾರ್ಕಿನೊಳಗೇ ಊರುಗಳಿವೆ, ಹೊಲಗಳಿವೆ, ಕುರಿಗಳಂತೂ ಲೆಕ್ಕವಿಲ್ಲದಷ್ಟಿವೆ. ಬಹುಪಾಲು ನೆಲ ಖಾಸಗಿಯವರದೇ. ಹಾಗಿದ್ದರೂ ನೀವು ಅವರ ಹೊಲದ ನಡುವೆಯೇ ರಾಜಾರೋಷವಾಗಿ ನಡೆದು ಹೋಗಬಹುದು! ಯಾರದೋ ಜಮೀನಿನಲ್ಲಿ ನಮಗೆ ದಾರಿ ಹೇಗೆ ಬಂತು? ಈ ಪ್ರಶ್ನೆಯ ಉತ್ತರ ಗೊತ್ತಿದ್ದರೆ ಅಲ್ಲಿನ ನಡಿಗೆಯ ರುಚಿಯೇ ಬೇರೆ.

ಮ್ಯಾಂಚೆಸ್ಟರ್, ಶೆಫೀಲ್ಡ್ ಎರಡೂ ಗಿರಣಿ, ಕಾರ್ಖಾನೆಗಳ ಊರು. ವಾರವೆಲ್ಲ ಹೊಗೆ ಕುಡಿದ ಕಾರ್ಮಿಕರಿಗೆ ಭಾನುವಾರ ಒಂದಿಷ್ಟು ಒಳ್ಳೆಯ ಗಾಳಿ ಬೇಕಿತ್ತು. ಬೆಟ್ಟ ಕಣ್ಣೆದುರಿಗೇ ಇತ್ತು, ಆದರೆ ಬೇಲಿ ಹಾಕಿತ್ತು. ಗ್ರೌಸ್ ಎಂಬ ಹಕ್ಕಿಯನ್ನು ಶ್ರೀಮಂತರು ವರ್ಷದಲ್ಲಿ ಕೆಲವೇ ದಿನ ಬೇಟೆಯಾಡುತ್ತಿದ್ದರು. ಅದಕ್ಕಾಗಿ ವರ್ಷವೆಲ್ಲ ಕಾವಲುಗಾರರನ್ನಿಟ್ಟು ಜನರನ್ನು ಹೊರಗಿಟ್ಟಿದ್ದರು. 1932ರ ಏಪ್ರಿಲ್ 24ರ ಭಾನುವಾರ ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತರ ಹುಡುಗನ ಮುಂದಾಳುತನದಲ್ಲಿ ಸುಮಾರು 400 ಜನ ಹೇಫೀಲ್ಡ್ ಊರಿನಿಂದ ಕಿಂಡರ್ ಹತ್ತಿದರು. ತಡೆಯಲು ಪೊಲೀಸರು ರೈಲ್ವೆ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರೆ ಈ ಪುಣ್ಯಾತ್ಮ ಸೈಕಲ್ ತುಳಿದುಕೊಂಡು ಬಂದುಬಿಟ್ಟಿದ್ದ. ದಾರಿಯಲ್ಲಿ ಕಾವಲುಗಾರರ ಜೊತೆ ತಳ್ಳಾಟವಾಯಿತು. ಮೇಲೆ ಈಡೇಲ್ ಕಡೆಯಿಂದ ಬಂದ ಶೆಫೀಲ್ಡಿನವರು ಸೇರಿಕೊಂಡರು. ಕೆಳಗಿಳಿದಾಗ ಬಂಧನ. ಬೇರೆಯವರ ನೆಲಕ್ಕೆ ಕಾಲಿಡುವುದು ಆಗಿನ ಕಾನೂನಿನಲ್ಲೂ ಜೈಲಿಗೆ ಹಾಕುವ ಅಪರಾಧವಾಗಿರಲಿಲ್ಲ. ಹಾಗಾಗಿ ಗಲಭೆ ಮೊದಲಾದ ಆರೋಪ ಹೊರಿಸಿ ಐದು ಮಂದಿಗೆ ಎರಡರಿಂದ ಆರು ತಿಂಗಳ ಸಜೆ ಕೊಟ್ಟರು. ರಾಥ್‌ಮನ್‌ಗೆ ನಾಲ್ಕು ತಿಂಗಳು.

ಬೇಲಿಗಿಂತ ಆ ಶಿಕ್ಷೆಯೇ ಜನರನ್ನು ಹೆಚ್ಚು ಕೆರಳಿಸಿತು. 1949ರಲ್ಲಿ ನ್ಯಾಷನಲ್ ಪಾರ್ಕುಗಳ ಕಾಯ್ದೆ ಬಂತು. 2000ದ ಇನ್ನೊಂದು ಕಾಯ್ದೆ ಇಂಥ ಬೋಳು ಬೆಟ್ಟಗಳಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕು ಕೊಟ್ಟಿತು. (ಇಂಗ್ಲೆಂಡಿನ ಎಲ್ಲ ನೆಲಕ್ಕೂ ಈ ಹಕ್ಕಿಲ್ಲ, ನೆನಪಿರಲಿ.) 2002ರಲ್ಲಿ, ಆ ಘಟನೆಗೆ 70 ವರ್ಷವಾದಾಗ, ಬೇಟೆಯ ನೆಲದ ಒಡೆಯರ ವಂಶದ ಡೆವನ್‌ಶೈರ್ ಡ್ಯೂಕ್ ತಮ್ಮ ಅಜ್ಜ ಮಾಡಿದ್ದು ತಪ್ಪೆಂದು ಎಲ್ಲರೆದುರು ಕ್ಷಮೆ ಕೇಳಿದರು. ರಾಥ್‌ಮನ್ ಅದನ್ನು ಕೇಳಲು ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ಈಡೇಲ್‌ನ ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಪಬ್ಬಿನ ಎದುರಿನಿಂದ ಪೆನೈನ್ ವೇ ಶುರುವಾಗುತ್ತದೆ. 1965ರಲ್ಲಿ ತೆರೆದ, ಸ್ಕಾಟ್ಲೆಂಡಿನ ಗಡಿ ದಾಟುವ 431 ಕಿಲೋಮೀಟರ್ ಕಾಲುದಾರಿ. ನೀವು ಗಾಬರಿಯಾಗಬೇಡಿ, ಮೊದಲ ಎರಡು ಮೂರು ಕಿಲೋಮೀಟರ್ ನಡೆದು ಬಂದರೂ ಸಾಕು. ಸಮತಟ್ಟಾದ ಹೊಲದ ದಾರಿ, ಎರಡೂ ಕಡೆ ಗಾರೆಯಿಲ್ಲದೆ ಬರಿಯ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು. ಗೋಡೆ ದಾಟಲು ಅಲ್ಲಲ್ಲಿ ಮೆಟ್ಟಿಲು ಇಟ್ಟಿರುತ್ತಾರೆ. ಮಲೆನಾಡಿನವರು ನೋಡಿದ ತಕ್ಷಣ ಗುರುತು ಹಿಡಿಯುತ್ತೀರಿ, ನಮ್ಮ ತಡಮೆಯೇ! ಇನ್ನೂ ಮೇಲೆ ಜವುಗಿನಲ್ಲಿ ಹಾಸುಗಲ್ಲು ಹಾಕಿದ್ದಾರೆ. ಆ ಕಲ್ಲುಗಳಲ್ಲಿ ಎಷ್ಟೋ, ಮುಚ್ಚಿಹೋದ ಹತ್ತಿ ಗಿರಣಿಗಳ ನೆಲದಿಂದ ಕಿತ್ತು ತಂದವು. ಪರೇಲಿನ ಗಿರಣಿಗಳು ಏನಾದವು ಎಂದು ಕಣ್ಣಾರೆ ಕಂಡ ಮುಂಬಯಿ ಕೇಳುಗರು ಆ ಕಲ್ಲಿನ ಮೇಲೆ ಒಂದು ನಿಮಿಷ ನಿಂತು ಬನ್ನಿ.

ಗಟ್ಟಿ ಮೊಣಕಾಲಿನವರು ಕಿಂಡರ್ ಡೌನ್‌ಫಾಲ್ ಜಲಪಾತದ ತನಕ ಹೋಗಬಹುದು. ಪಡುವಣ ಗಾಳಿ ಜೋರಾದರೆ ಅದರ ನೀರು ಕೆಳಗೆ ಬೀಳದೆ ಮೇಲಕ್ಕೇ ಹಾರುತ್ತದೆ. ಪುಣೆಯವರೇ, ನಾಣೇಘಾಟಿನ ಮಳೆಗಾಲ ನೆನಪಾಗುತ್ತದಲ್ಲವೇ?

ಕಣಿವೆಯ ಆಚೆ ಮ್ಯಾಮ್ ಟಾರ್ ಗುಡ್ಡ, 517 ಮೀಟರ್. ಸಡಿಲ ಜೇಡಿಪದರದಿಂದಾಗಿ ಈ ಗುಡ್ಡ ಸದಾ ಜಾರುತ್ತಲೇ ಇರುತ್ತದೆ, ಅದಕ್ಕೇ ಇದು "ನಡುಗುವ ಬೆಟ್ಟ". ಇದರ ಪಕ್ಕದ ದೊಡ್ಡ ರಸ್ತೆಯನ್ನು ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ಕೈಬಿಟ್ಟರು. ಮುರಿದ ಡಾಂಬರು ಈಗಲೂ ಮೆಟ್ಟಿಲು ಮೆಟ್ಟಿಲಾಗಿ ಬಿದ್ದಿದೆ. ಕೆಳಗಿನ ಕಾಸಲ್‌ಟನ್ ಊರಿನಲ್ಲಿ ಗುಹೆಗಳಿವೆ, ನೇರಳೆ-ಹಳದಿ ಪಟ್ಟೆಯ ಬ್ಲೂ ಜಾನ್ ಕಲ್ಲಿನ ಒಡವೆ ಅಂಗಡಿಗಳಿವೆ. ಪರ್ಸು ಅಳಿಯಂದಿರ ಕೈಗೆ ಕೊಟ್ಟು ಒಳಗೆ ಹೋಗಿ.

ಹತ್ತಲು ಆಗದವರಿಗೆ ಈಮ್ ಎಂಬ ಹಳ್ಳಿ. 1665ರಲ್ಲಿ ಲಂಡನ್ನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನ ಜೊತೆ ಪ್ಲೇಗೂ ಬಂತು ಎನ್ನುತ್ತಾರೆ. ಪಾದ್ರಿ ವಿಲಿಯಂ ಮಾಂಪೆಸನ್ ಮಾತಿಗೆ ಒಪ್ಪಿ ಊರವರು ತಾವಾಗಿಯೇ ಗಡಿ ಹಾಕಿಕೊಂಡರು, ರೋಗ ಅಕ್ಕಪಕ್ಕಕ್ಕೆ ಹರಡಬಾರದೆಂದು. ಗಡಿಕಲ್ಲಿನ ಕುಳಿಯಲ್ಲಿ ವಿನಿಗರ್ ತುಂಬಿ ಅದರಲ್ಲಿ ದುಡ್ಡಿಡುತ್ತಿದ್ದರು, ಹೊರಗಿನವರು ದಿನಸಿ ಇಟ್ಟು ದುಡ್ಡು ಒಯ್ಯುತ್ತಿದ್ದರು. ಒಟ್ಟು ಸುಮಾರು 260 ಜನ ಸತ್ತರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟೇ ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು. ಆ ಸಮಾಧಿಗಳು ಹೊಲದ ನಡುವೆ ಇವೆ. 2020ರ ನಂತರ ಅಲ್ಲಿಗೆ ಹೋಗುವವರಿಗೆ ಯಾರೂ ಏನೂ ವಿವರಿಸಬೇಕಾಗಿಲ್ಲ.

ಲೇಡಿಬೌವರ್ ಜಲಾಶಯವೂ ಹತ್ತಿರವೇ. ಅದರಡಿ 1940ರ ದಶಕದಲ್ಲಿ ಎರಡು ಹಳ್ಳಿ ಮುಳುಗಿದವು. ತೀರಾ ಬರಗಾಲದಲ್ಲಿ ಕಲ್ಲುಗೋಡೆಗಳು ತಲೆಯೆತ್ತುತ್ತವೆ, ಲಿಂಗನಮಕ್ಕಿಯಲ್ಲಿ ನೀರಿಳಿದಾಗ ಹಿರೇಭಾಸ್ಕರ ಅಣೆಕಟ್ಟು ಕಾಣಿಸಿಕೊಳ್ಳುವ ಹಾಗೆ.

ಇನ್ನು ಹೊರಡುವ ಮುನ್ನ. ಮೇಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಬೆಳಿಗ್ಗೆ ಬಿಸಿಲು ಕಂಡು ಮೋಸ ಹೋಗಬೇಡಿ, ರೇನ್‌ಕೋಟು, ಸ್ವೆಟರು ಚೀಲದಲ್ಲಿರಲಿ. ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ಹಳದಿ ಬಾಣದ ಗುರುತು ಇದ್ದರೆ ಅದು ನಡೆಯುವವರ ದಾರಿ. ತೆರೆದ ಗೇಟನ್ನು ಮತ್ತೆ ಮುಚ್ಚಿ, ಮರಿ ಹಾಕಿದ ಕುರಿಗಳ ಹತ್ತಿರ ಹೋಗಬೇಡಿ. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಕಾಗದದ ಮ್ಯಾಪ್ ಇರಲಿ, ಎಷ್ಟು ಹೊತ್ತಿಗೆ ಬರುತ್ತೀರೆಂದು ಮನೆಯಲ್ಲಿ ಹೇಳಿ ಹೋಗಿ. ಬೇಕ್‌ವೆಲ್ ಊರಿನ ಪುಡ್ಡಿಂಗ್ ಹೆಸರುವಾಸಿ, ಆದರೆ ಅದರಲ್ಲಿ ಮೊಟ್ಟೆ ಇದೆ. ಚಪಾತಿ-ಪಲ್ಯ ಕಟ್ಟಿಕೊಂಡರೆ ಯಾರ ಹಂಗೂ ಇಲ್ಲ. ಈಡೇಲ್‌ನಿಂದ ವಾಪಸಾಗುವ ರೈಲಿನ ಸಮಯವನ್ನು ಇಳಿದ ತಕ್ಷಣವೇ ನೋಡಿಟ್ಟುಕೊಳ್ಳಿ. ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕಾದೀತು.