ಕ್ಷೋಭೆ ಹೊರಗೋ, ಒಳಗೋ?

ಸಮುದ್ರ ಪ್ರಕ್ಷುಬ್ಧಗೊಂಡಿದೆ, ಊರಿನಲ್ಲಿ ಪ್ರಕ್ಷುಬ್ಧ ವಾತಾವರಣವಿದೆ, ಸುದ್ದಿ ಕೇಳಿ ಮನಸ್ಸು ಕ್ಷೋಭೆಗೊಂಡಿತು ಎಂಬ ಮಾತುಗಳು ದಿನಬಳಕೆಯವು. ‘ಕ್ಷುಭ್’ ಎಂಬ ಸಂಸ್ಕೃತ ಧಾತುವಿಗೆ ಕಲಕು, ಕದಡು ಎಂದರ್ಥ. ಈ ಬಳಕೆಯಲ್ಲೆಲ್ಲ ಕದಡುವ ಕಾರಣ ಹೊರಗಿರುತ್ತದೆ: ಗಾಳಿ, ವೈರಿ, ಪರರ ಮಾತು.

ಕುಂದಕುಂದಾಚಾರ್ಯರು ‘ಪ್ರವಚನಸಾರ’ದಲ್ಲಿ ಇದೇ ಪದವನ್ನು ಆತ್ಮದ ಕಡೆಗೆ ತಿರುಗಿಸಿದ್ದಾರೆ. ಅವರ ನಿರೂಪಣೆಯಂತೆ ಚಾರಿತ್ರವೇ ಧರ್ಮ. ಆ ಧರ್ಮವೇ ಸಮಭಾವ. ಮೋಹವೂ ಕ್ಷೋಭೆಯೂ ಇಲ್ಲದ ಆತ್ಮಪರಿಣಾಮಕ್ಕೆ ಸಮಭಾವವೆಂದು ಹೆಸರು. ಇಲ್ಲಿ ಮೋಹವೆಂದರೆ ತತ್ತ್ವಶ್ರದ್ಧೆಯನ್ನು ಕೆಡಿಸುವ ದರ್ಶನಮೋಹ. ಕ್ಷೋಭೆಯೆಂದರೆ ರಾಗದ್ವೇಷರೂಪದ ಚಾರಿತ್ರಮೋಹ.

ಮೈ ಅಲುಗದಿದ್ದರೂ ಕ್ಷೋಭೆ ಉಳಿಯಬಹುದೆಂಬುದಕ್ಕೆ ಬಾಹುಬಲಿಯ ಕಥೆಯೇ ಸಾಕ್ಷಿ. ಗೆದ್ದ ರಾಜ್ಯವನ್ನು ತೊರೆದ ಆ ಮಹಾಮುನಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರು. ಬಳ್ಳಿಗಳು ಹಬ್ಬಿದರೂ ದೇಹ ಕದಲಲಿಲ್ಲ. ಆದರೆ ತನ್ನಿಂದ ಭರತನಿಗೆ ನೋವಾಯಿತೆಂಬ ಭಾವದ ಎಳೆಯೊಂದು ಒಳಗೆ ಉಳಿದಿತ್ತೆಂದು ಜಿನಸೇನಾಚಾರ್ಯರ ‘ಆದಿಪುರಾಣ’ ಹೇಳುತ್ತದೆ. ಭರತನೇ ಬಂದು ಪೂಜಿಸಿದಾಗ ಆ ಎಳೆ ಕಳಚಿತು, ಕೇವಲಜ್ಞಾನ ಉದಯಿಸಿತು. ಸೋದರಪ್ರೇಮದ ಆ ಸೂಕ್ಷ್ಮ ರಾಗವೂ ತಡೆಯೇ ಆಗಿತ್ತು.

ಬೆಳಿಗ್ಗೆ ಕೇಳಿದ ಕಟುನುಡಿಗೆ ರಾತ್ರಿ ಮಲಗುವಾಗಲೂ ಮನಸ್ಸು ಉತ್ತರ ಹುಡುಕುತ್ತಿದ್ದರೆ, ಆ ನುಡಿ ನಿಮಿತ್ತ ಮಾತ್ರ. ಕದಡುತ್ತಿರುವುದು ಒಳಗಿನ ದ್ವೇಷ. ಆಡಿದವರು ಆಗಲೇ ಮರೆತಿರಬಹುದು. ಶ್ರಾವಕರು 48 ನಿಮಿಷ ಸಾಮಾಯಿಕಕ್ಕೆ ಕುಳಿತಾಗ ಮೈಯ ನಿಶ್ಚಲತೆಯೊಂದೇ ಸಾಲದು. ಯಾರ ಮೇಲಿನ ರಾಗ, ಯಾರ ಮೇಲಿನ ದ್ವೇಷ ಇನ್ನೂ ಕಲಕುತ್ತಿದೆ ಎಂದು ಗುರುತಿಸಿ, ಅದನ್ನು ಬಿಡುವುದೇ ಸಮಭಾವದ ಮೊದಲ ಹೆಜ್ಜೆ.