ಹಳೆಯ ಬೋಲ್ಟನ್ನು ಮತ್ತೆ ಬಿಗಿಯಬಹುದೆ?

ಇಂಡಿ ತಾಲೂಕಿನ ಸಾಲೋಟಗಿಯು ಕ್ರಿ.ಶ. 945ರ ಶಾಸನದಲ್ಲಿ ಉಲ್ಲೇಖಗೊಂಡ ವಿದ್ಯಾಶಾಲೆಯಿಂದ ಇತಿಹಾಸಜ್ಞರಿಗೆ ಪರಿಚಿತವಾದ ಊರು. ಇಂದು ಆ ಭಾಗದಲ್ಲಿ ಭೌತವಿಜ್ಞಾನದ ಒಂದು ಪಾಠವನ್ನು ಕಲಿಯಲು ಶಾಲೆಗೇ ಹೋಗಬೇಕೆಂದಿಲ್ಲ. ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಹರಡಿರುವ ಗ್ಯಾರೇಜಿನ ಮುಂದೆ ಕ್ಷಣಕಾಲ ನಿಂತರೆ ಸಾಕು. ಪಿಸ್ಟನ್, ಲೈನರ್, ಬೇರಿಂಗುಗಳನ್ನು ಹೊಸದಾಗಿ ಹಾಕಿಸಲು ರೈತನು ಒಪ್ಪಿರುತ್ತಾನೆ. ಡೀಸೆಲಿನಲ್ಲಿ ತೊಳೆದಿಟ್ಟ ಬೋಲ್ಟುಗಳ ಮಾತು ಬಂದಾಗ ಮಾತ್ರ, "ಇವು ಚಲೋ ಅದಾವಲ್ರೀ ಮಿಸ್ತ್ರಿ, ಯಾಕ ಒಗೀಬೇಕು?" ಎನ್ನುತ್ತಾನೆ. ಪ್ರಶ್ನೆ ನ್ಯಾಯವಾದುದೇ. ತುಕ್ಕಿಲ್ಲ, ತಿರುಪಿನ ಸುತ್ತುಗಳು ಸವೆದಿಲ್ಲ. ಕಣ್ಣಿಗೆ ಕಾಣದ ದೋಷ ಅವುಗಳಲ್ಲಿ ಏನಿರಬಹುದು?

ಬೋಲ್ಟೆಂದರೆ ಎರಡು ಭಾಗಗಳನ್ನು ಜೋಡಿಸುವ ಒಂದು ಬಗೆಯ ಮೊಳೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದೊಂದು ಸ್ಪ್ರಿಂಗು. ಬಿಗಿದಾಗ ಅದು ಹಿಗ್ಗುತ್ತದೆ. ಮೊದಲಿನ ಉದ್ದಕ್ಕೆ ಮರಳಲು ಹವಣಿಸುವ ಅದರ ಬಲವೇ ಸಿಲಿಂಡರಿನ ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿಯುತ್ತದೆ. ಕಮ್ಮಾರನು ಕಾಯಿಸಿ ಬಂಡಿಯ ಗಾಲಿಗೆ ತೊಡಿಸಿದ ಕಬ್ಬಿಣದ ಪಟ್ಟಿಯು ತಣಿದು ಕುಗ್ಗಿ ಮರವನ್ನು ಬಿಗಿಹಿಡಿಯುವುದೂ ಇದೇ ನ್ಯಾಯದಿಂದ. 12 ಮಿಲಿಮೀಟರ್ ದಪ್ಪದ, 100 ಮಿಲಿಮೀಟರ್ ಉದ್ದದ, 10.9 ಎಂಬ ದರ್ಜೆಯ ಬೋಲ್ಟೊಂದನ್ನು ಚೆನ್ನಾಗಿ ಬಿಗಿದರೆ ಅದರ ಮೇಲೆ ಸುಮಾರು ಆರು ಟನ್ ಭಾರದಷ್ಟು ಸೆಳೆತ ಬೀಳುತ್ತದೆ. ಅದು ಹಿಗ್ಗುವುದು ಮಾತ್ರ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು!

ಹಿಗ್ಗುವಿಕೆಯು ಬಲಕ್ಕೆ ಅನುಪಾತದಲ್ಲಿರುತ್ತದೆಂದು ಆಂಗ್ಲ ವಿಜ್ಞಾನಿ ಹುಕ್ 1678ರಲ್ಲಿ ಪ್ರಕಟಿಸಿದನು. ಆದರೆ ಈ ನಿಯಮಕ್ಕೆ ಒಂದು ಎಲ್ಲೆಯಿದೆ. ಸ್ಥಿತಿಸ್ಥಾಪಕತೆಯ ಮಿತಿಯನ್ನು ದಾಟಿದ ಉಕ್ಕು ಬಿಚ್ಚಿದ ಮೇಲೂ ಪೂರ್ತಿ ಕುಗ್ಗುವುದಿಲ್ಲ. ಈಚಿನ ಹಲವು ಎಂಜಿನ್ನುಗಳಲ್ಲಿ ಹೆಡ್ಡಿನ ಬೋಲ್ಟನ್ನು ಉದ್ದೇಶಪೂರ್ವಕವಾಗಿಯೇ ಈ ಮಿತಿಯವರೆಗೆ ಎಳೆಯುತ್ತಾರೆ: ಮೊದಲು ಹಗುರಾಗಿ ಬಿಗಿದು, ಅನಂತರ ಹೇಳಿದಷ್ಟು ಡಿಗ್ರಿ ತಿರುಗಿಸುತ್ತಾರೆ. ಅಲ್ಲಿ ತಿರುಗಿಸುವುದು ತುಸು ಹೆಚ್ಚುಕಡಿಮೆಯಾದರೂ ಸೆಳೆತ ಅಷ್ಟಾಗಿ ಬದಲಾಗದು. ಆದುದರಿಂದ ಎಲ್ಲ ಬೋಲ್ಟುಗಳ ಹಿಡಿತವೂ ಸಮನಾಗುತ್ತದೆ. ಇಂತಹವುಗಳನ್ನು ಒಮ್ಮೆ ಬಿಚ್ಚಿದರೆ ಬದಲಾಯಿಸಬೇಕೆಂದು ತಯಾರಕರ ಕೈಪಿಡಿ ಹೇಳಿದ್ದರೆ ಅಲ್ಲಿಗೆ ಚರ್ಚೆ ಮುಗಿಯಿತು.

ಉಳಿದವುಗಳನ್ನು ಪರೀಕ್ಷಿಸಬಹುದು. ಹೊಸ ಬೋಲ್ಟಿನ ಪಕ್ಕದಲ್ಲಿಟ್ಟು ಉದ್ದವನ್ನು ಅಳೆಯಬೇಕು. ವರ್ನಿಯರ್ ಕ್ಯಾಲಿಪರಿನಿಂದ ತಿರುಪಿನ ಭಾಗವನ್ನು ಹಲವೆಡೆ ಅಳೆದು, ಎಲ್ಲಿಯಾದರೂ ಕತ್ತು ಸಣ್ಣಗಾಗಿದೆಯೇ ಎಂದು ನೋಡಬೇಕು. ನಟ್ಟು ಬೆರಳಿನಿಂದಲೇ ಕೊನೆಯವರೆಗೆ ಓಡದಿದ್ದರೆ ಆ ಬೋಲ್ಟನ್ನು ನಂಬಲಾಗದು. ಇನ್ನು ಟಾರ್ಕ್ ಅಳೆಯುವ ಪಾನಾ ತೋರಿಸುವ ಅಂಕಿಯನ್ನೂ ಕುರುಡಾಗಿ ನಂಬಬಾರದು. ನಾವು ಹಾಕುವ ಶ್ರಮದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸುವುದು ಒಂದೇ ಪಾಲು! ತಿರುಪಿನಲ್ಲಿ ಕೊಳೆಯಿದ್ದರೆ ಅದೇ ಅಂಕಿಗೆ ಸೆಳೆತ ಕಡಿಮೆ, ಎಣ್ಣೆಯಿದ್ದರೆ ಹೆಚ್ಚು.

ಅಳತೆಗೂ ಸಿಕ್ಕದ ದೋಷವೊಂದಿದೆ. ಎಷ್ಟೋ ಕಡಿಮೆ ಬಲವೂ ಲಕ್ಷಾಂತರ ಸಲ ಬಿದ್ದರೆ ಲೋಹ ಬಳಲಿ ಮುರಿಯುತ್ತದೆಂಬುದನ್ನು 19ನೆಯ ಶತಮಾನದಲ್ಲಿ ಜರ್ಮನಿಯ ವ್ಯೋಲರನು ರೈಲುಗಾಡಿಯ ಅಚ್ಚುಗಳ ಪರೀಕ್ಷೆಯಿಂದ ತೋರಿಸಿದನು. ಎಂಜಿನ್ ನಿಮಿಷಕ್ಕೆ 2000 ಸಲ ತಿರುಗಿದರೆ ಕನೆಕ್ಟಿಂಗ್ ರಾಡಿನ ಬೋಲ್ಟು ಗಂಟೆಗೆ ಹತ್ತಾರು ಸಾವಿರ ಸಲ ಜಗ್ಗಾಟಕ್ಕೆ ಒಳಗಾಗುತ್ತದೆ. ಇಲ್ಲೊಂದು ವಿಚಿತ್ರವುಂಟು. ಸರಿಯಾಗಿ ಬಿಗಿದ ಬೋಲ್ಟಿನ ಮೇಲೆ ಈ ಜಗ್ಗಾಟದ ಅಲ್ಪಭಾಗ ಮಾತ್ರ ಬೀಳುತ್ತದೆ. ಹೆಚ್ಚಿನದು ಅದು ಒತ್ತಿ ಹಿಡಿದ ಭಾಗಗಳ ಒತ್ತಡವನ್ನು ತಗ್ಗಿಸುವುದರಲ್ಲೇ ಕಳೆಯುತ್ತದೆ. ಬಿಗಿ ಸಡಿಲಿ ಆ ಭಾಗಗಳು ಅಗಲತೊಡಗಿದರೆ ಪೂರ್ತಿ ಜಗ್ಗಾಟವನ್ನು ಬೋಲ್ಟೇ ಹೊರಬೇಕು. ಹಿಗ್ಗಿಹೋದ ಹಳೆಯ ಬೋಲ್ಟು ಹೀಗೆಯೇ ಮುರಿಯುವುದು. ಮುರಿದಾಗ ರಾಡು ಬ್ಲಾಕನ್ನೇ ಒಡೆದು ಹೊರಬರುತ್ತದೆ. ಹೊಸ ಪಿಸ್ಟನ್ನು, ಲೈನರುಗಳೂ ಹಾಳು.

ಆದುದರಿಂದ ಕನೆಕ್ಟಿಂಗ್ ರಾಡಿನ ಬೋಲ್ಟುಗಳ ವಿಷಯದಲ್ಲಿ, ಕೈಪಿಡಿ ಸುಮ್ಮನಿದ್ದರೂ, ನಾನು ಮಿಸ್ತ್ರಿಯ ಪಕ್ಷ. ಎಣ್ಣೆಯ ತೊಟ್ಟಿಯ ಮತ್ತು ಮುಚ್ಚಳಗಳ ಬೋಲ್ಟುಗಳನ್ನು ರೈತನು ತೊಳೆದು ಮತ್ತೆ ಹಾಕಿಸಲಿ. ಅವುಗಳಿಗೆ ಅಷ್ಟೊಂದು ಜಗ್ಗಾಟವಿಲ್ಲ.