ಎರಡು ಬ್ಯಾಟರಿ, ಒಂದು ತುಕ್ಕು ಹಿಡಿದ ಬೋಲ್ಟು

ಗೌರಿಬಿದನೂರಿನಿಂದ ಹೊರಟು ಮಂಚೇನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆಗೆ ಸಾಗುವ ರಸ್ತೆಯ ಒಂದು ಏರಿನಲ್ಲಿ ಹುಣಸೆ ಮರವೊಂದಿದೆ. ಅದರ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂಬುದು ನನಗೆ ಬಾಯಿಪಾಠ. ಕಳೆದ ವರ್ಷ ಫೆಬ್ರುವರಿಯಿಂದ ಜೂನ್‌ವರೆಗೆ ನನ್ನ ಕಾರು ಆ ಮರದ ಆಸುಪಾಸಿನಲ್ಲೇ ಆರು ಬಾರಿ ನಿಂತಿತು. ಮೊದಲು ಎಂಜಿನ್ ಒಮ್ಮೆ ಮುಗ್ಗರಿಸುವುದು, ಬಳಿಕ ಮುಂಬದಿಯ ದೀಪಗಳೆಲ್ಲ ಮಿಣುಕುವುದು, ಆಮೇಲೆ ನಿಶ್ಶಬ್ದ. ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದೇ ಸದ್ದು. ಅರ್ಧ ಗಂಟೆ ಕಾದು ಮತ್ತೆ ತಿರುಗಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಎಂಜಿನ್ ಓಡತೊಡಗುವುದು.

ಇದು ವಿಹಾರದ ಪ್ರಯಾಣವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ನನ್ನ ಭಾವನವರ ಮೂತ್ರಪಿಂಡಗಳು ಸೋತಿವೆ. ವಾರಕ್ಕೆ ಎರಡು ದಿನ, ಮಧ್ಯಾಹ್ನ ಒಂದೂವರೆಗೆ, ಚಿಕ್ಕಬಳ್ಳಾಪುರದಲ್ಲಿ ಅವರ ಡಯಾಲಿಸಿಸ್ ಸರದಿ. ನಾಲ್ಕು ಗಂಟೆಯ ಸರದಿಗೆ ಒಂದು ಗಂಟೆ ತಡವಾಗಿ ಹೋದರೆ ಸಿಗುವುದು ಮೂರೇ ಗಂಟೆಯ ಚಿಕಿತ್ಸೆ. ಅದೇ ಯಂತ್ರಕ್ಕಾಗಿ ಮತ್ತೊಬ್ಬ ರೋಗಿ ಹೊರಗೆ ಕಾದಿರುತ್ತಾನೆ. ಮೇ ತಿಂಗಳ ಒಂದು ದಿನ ಸರದಿಯೇ ತಪ್ಪಿತು. ಅಂದು ರಾತ್ರಿ ಅವರು ಮಲಗಲಾರದೆ, ದಿಂಬಿಗೊರಗಿ ಕುಳಿತೇ ಉಸಿರೆಳೆಯುತ್ತಿದ್ದುದನ್ನು ನೋಡಿದ ಮೇಲೆ ನನಗೆ ಕಾರಿನ ಬಗೆಗಿದ್ದ ಕಿರಿಕಿರಿ ಹೋಗಿ ಭಯ ಹುಟ್ಟಿತು.

ಈ ನಾಲ್ಕು ತಿಂಗಳಲ್ಲಿ ನಾನು ತೋರಿಸದ ಕೈಯಿಲ್ಲ. ಹೊನ್ನಾವರದಿಂದ ಚಿತ್ತೂರಿನತ್ತ ಹೋಗುವ, ಈಗ 69 ಎಂಬ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿ ನಮ್ಮ ಜಿಲ್ಲೆಯ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಹಾದುಹೋಗುತ್ತದೆ. ಆ ದಾರದುದ್ದಕ್ಕೂ ನನ್ನ ಹಣ ಚೆಲ್ಲಿದೆ. ಗೌರಿಬಿದನೂರಿನ ಅಂಗಡಿಯಾತ ಕೇಳಿದ ತಕ್ಷಣ "ಬ್ಯಾಟರಿ ಸಾರ್" ಎಂದ, ಹೊಸದು ಹಾಕಿಸಿದೆ. ಕಾರು ಮೂರು ವಾರ ಸೊಗಸಾಗಿ ಓಡಿತು. ಮತ್ತೆ ನಿಂತಾಗ ಅಧಿಕೃತ ಸೇವಾ ಕೇಂದ್ರವೊಂದು ಸ್ಪಾರ್ಕ್ ಪ್ಲಗ್‌ಗಳನ್ನೂ ಇಗ್ನಿಷನ್ ಕಾಯಿಲ್‌ಗಳನ್ನೂ ಬದಲಿಸಿತು. ಎರಡು ವಾರ ತೊಂದರೆಯಿಲ್ಲ. ರೇಷ್ಮೆಗೂಡು ಮಾರಲು ಹೊರಟ ನೆಂಟರೊಬ್ಬರ ಜೊತೆ ಶಿಡ್ಲಘಟ್ಟಕ್ಕೆ ಹೋದಾಗ ಅಲ್ಲಿನ ಮೆಕ್ಯಾನಿಕ್ ಸ್ಟಾರ್ಟರ್ ಮೋಟಾರನ್ನು ಬಿಚ್ಚಿ ಬ್ರಷ್ ಬದಲಾಯಿಸಿದ. ಹತ್ತು ದಿನ. ಆಮೇಲೆ ಇನ್ನೊಂದು ಬ್ಯಾಟರಿ. ಒಟ್ಟು ಖರ್ಚು ಇಪ್ಪತ್ತೇಳು ಸಾವಿರ ದಾಟಿತ್ತು.

ಆ ಎರಡನೆಯ ಬ್ಯಾಟರಿಯ ಕಾರಣವನ್ನು ಹೇಳಲೇಬೇಕು. "ಬೋರ್‌ವೆಲ್ ನೀರು ಹಾಕಿದ್ದೀರಾ?" ಎಂದು ಅಂಗಡಿಯಾತ ಗದರಿದ. ನಾನು ಹಾಕಿರಲಿಲ್ಲ, ಆದರೆ ಆತನ ಸಂಶಯ ನಿರಾಧಾರವಾದುದಲ್ಲ. ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳದಿಂದ ಮೇಲೆತ್ತುವ ನೀರಿನಲ್ಲಿ ಲವಣಗಳು ಹೇರಳ. ಹಲ್ಲು ಕೆಡಿಸುವ ಫ್ಲೋರೈಡಿನ ಮಾತನ್ನು ನಾವೆಲ್ಲ ಆಡುತ್ತೇವೆ; ಅದೇ ನೀರಿನ ಕಬ್ಬಿಣ, ಕ್ಲೋರೈಡುಗಳು ಬ್ಯಾಟರಿಯ ಸೀಸದ ಫಲಕಗಳನ್ನೂ ಸದ್ದಿಲ್ಲದೆ ಕೆಡಿಸುತ್ತವೆ ಎಂಬುದನ್ನು ಮರೆಯುತ್ತೇವೆ. ಬಟ್ಟಿ ಇಳಿಸಿದ ನೀರಿನ ಬಾಟಲಿಗೆ ಕೊಡುವ ಕೆಲವೇ ರೂಪಾಯಿ ಉಳಿಸಲು ಹೋಗಿ ಎಷ್ಟೋ ಟ್ರ್ಯಾಕ್ಟರ್, ಟೆಂಪೊಗಳ ಬ್ಯಾಟರಿಗಳು ಅಕಾಲ ಮರಣಕ್ಕೀಡಾಗಿವೆ. ಹೀಗಾಗಿ ಆತನ ಮಾತು ನಂಬುವಂತಿತ್ತು, ನಂಬಿದೆ.

ಬಂಧುಗಳ ಸಲಹೆಗಳು ಬೇರೆ. ಒಬ್ಬರು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಹುಣಸೆ ಮರದ ಬಳಿಯೇ ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಇನ್ನೊಬ್ಬರ ಬಳಿ ಸಿದ್ಧ ಉತ್ತರವಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಹಿಂದೆ ಡಿಸ್ಟ್ರಿಬ್ಯೂಟರ್ ಇದ್ದ ಕಾರುಗಳ ಕಾಲದಲ್ಲಿ ಆಯುಧಪೂಜೆಯ ದಿನ ಎಂಜಿನ್‌ಗೂ ಭಕ್ತಿಯಿಂದ ಅಭ್ಯಂಜನ ಮಾಡಿಸಿ, ಮುಚ್ಚಳದೊಳಗೆ ನೀರು ಸೇರಿ, ಪೂಜೆಯಾದ ಬಳಿಕ ಗಾಡಿ ನಿಂಬೆಹಣ್ಣಿನ ಮೇಲೆ ಹರಿಯಲೊಲ್ಲದೆ ನಿಲ್ಲುತ್ತಿದ್ದುದು ಅನೇಕರಿಗೆ ನೆನಪಿರಬಹುದು.

ಆ ಕಾಲದ ಕಾರುಗಳ ದೋಷ ಕಣ್ಣಿಗೆ ಕಾಣುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿ, 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದ ಬ್ಯಾಟರಿ ಇಗ್ನಿಷನ್ ಪದ್ಧತಿಯೇ ಮೂಲತಃ ನಮ್ಮ ಅಂಬಾಸಿಡರ್, ಪದ್ಮಿನಿಗಳಲ್ಲೂ ಇದ್ದದ್ದು. ಹನ್ನೆರಡು ವೋಲ್ಟಿನ ವಿದ್ಯುತ್ತು ಕಾಯಿಲಿನ ತಂತಿಯಲ್ಲಿ ಹರಿಯುವಾಗ ಕಾಂತಕ್ಷೇತ್ರ ಉಂಟಾಗುತ್ತದೆ; 'ಪಾಯಿಂಟ್'ಗಳು ತೆರೆದುಕೊಂಡು ಆ ಹರಿವು ಥಟ್ಟನೆ ಕಡಿದಾಗ ಕ್ಷೇತ್ರ ಕುಸಿದು, ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಅಂಬಾಸಿಡರ್‌ನಲ್ಲಿ ಆ ಪಾಯಿಂಟುಗಳ ನಡುವಿನ ಅಂತರ ಇಂಚಿನ ಸಾವಿರದಲ್ಲಿ ಹದಿನೈದು ಭಾಗದಷ್ಟಿರಬೇಕಿತ್ತು. ಅಳತೆಯ ಉಪಕರಣವಿಲ್ಲದ ಚಾಲಕರು ವಿಸಿಟಿಂಗ್ ಕಾರ್ಡ್ ತೂರಿಸಿ ಅಂದಾಜು ಮಾಡುತ್ತಿದ್ದರು, ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಪ್ಲಗ್ಗು ಬೇಕಾದರೆ ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯದ್ದೇ ಇತ್ತು. ಅಂದಹಾಗೆ, ಮೋಟಾರು ಕಾರ್ಖಾನೆಯೊಂದನ್ನು ಬೆಂಗಳೂರಿಗೆ ತರಲು 1930ರ ದಶಕದಲ್ಲಿ ಯೋಜನೆ ರೂಪಿಸಿ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದವರು ಇದೇ ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಅದು ಕೈಗೂಡಲಿಲ್ಲ, ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪೆನಿ 1944ರಲ್ಲಿ ಮುಂಬೈ ಪಾಲಾಯಿತು.

ಹಳೆಯದನ್ನು ಹಾಡಿಹೊಗಳಲು ಇದನ್ನೆಲ್ಲ ಹೇಳುತ್ತಿಲ್ಲ. ಇಂದಿನ ಕಾರುಗಳಲ್ಲಿ ಪಾಯಿಂಟುಗಳಿಲ್ಲ, ಕಿಡಿಯ ಕ್ಷಣವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ಅವು ಹಳೆಯವುಗಳಷ್ಟು ಸಲ ಖಂಡಿತ ಕೆಡುವುದಿಲ್ಲ. ಆದರೆ ಕೆಟ್ಟಾಗ, ಅದರಲ್ಲೂ ಬಂದು ಹೋಗುವ ದೋಷವಾದಾಗ, ಕಣ್ಣಿಗೆ ಏನೂ ಕಾಣುವುದಿಲ್ಲ. ಸೇವಾ ಕೇಂದ್ರಕ್ಕೆ ಕೊಂಡೊಯ್ದಾಗಲೆಲ್ಲ ನನ್ನ ಕಾರು ಸಜ್ಜನನಂತೆ ನಡೆದುಕೊಂಡಿತು. ಸ್ಕ್ಯಾನರ್ ಒಮ್ಮೆ 'ಮಿಸ್‌ಫೈರ್' ಎಂಬ ಸಂಕೇತ ತೋರಿಸಿತು, ಕಾಯಿಲ್‌ಗಳು ಬದಲಾದವು. ಕಿಡಿ ಸರಿಯಾಗಿ ಹೊತ್ತುತ್ತಿಲ್ಲ ಎಂಬುದಷ್ಟೇ ಆ ಸಂಕೇತದ ಅರ್ಥ. ಏಕೆ ಹೊತ್ತುತ್ತಿಲ್ಲ ಎಂಬುದಕ್ಕೆ ಪ್ಲಗ್ಗು, ಕಾಯಿಲು, ಇಂಧನದ ಇಂಜೆಕ್ಟರು, ಇಲಿ ಕಡಿದ ತಂತಿ, ಎಲ್ಲವೂ ಕಾರಣವಾಗಬಲ್ಲವು. ಜ್ವರವೆಂದು ಹೇಳಿದ ಥರ್ಮಾಮೀಟರನ್ನೇ ವೈದ್ಯನೆಂದು ತಿಳಿದಂತಾಯಿತು.

ಜೂನ್ ತಿಂಗಳಲ್ಲಿ ಮದುವೆಯೊಂದಕ್ಕೆ ಚಿಂತಾಮಣಿಗೆ ಹೋದಾಗ ಕಾರು ಪೇಟೆಯ ನಡುವೆಯೇ ನಿಂತಿತು. ಯಾರೋ ತೋರಿಸಿದ ತಗಡಿನ ಶೆಡ್ಡಿನಲ್ಲಿ ಅರುವತ್ತು ದಾಟಿದ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿದ್ದರು. ಲಾರಿ, ಟ್ರ್ಯಾಕ್ಟರುಗಳ ಡೈನಮೊ ಸುತ್ತುತ್ತ ಕೆಲಸ ಕಲಿತವರು. ಅವರು ಬಾನೆಟ್ ತೆರೆಯಲಿಲ್ಲ. ಪ್ರಶ್ನೆ ಕೇಳಿದರು. ಎಷ್ಟು ದೂರ ಓಡಿದ ಮೇಲೆ ನಿಲ್ಲುತ್ತದೆ? ಎ.ಸಿ. ಹಾಕಿದ್ದಿರಾ? ನಿಲ್ಲುವ ಮೊದಲು ದೀಪ ಮಂಕಾಗುತ್ತದೆಯೇ? ಪ್ರತಿ ರಿಪೇರಿಯ ನಂತರ ಎಷ್ಟು ದಿನ ಸರಿಯಿತ್ತು? ಕೊನೆಯ ಪ್ರಶ್ನೆಗೆ ನಾನು ಲೆಕ್ಕ ಹೇಳಿದಾಗ ಅವರು ಸಣ್ಣಗೆ ನಕ್ಕರು. ನಾಲ್ಕು ತಿಂಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ ಮೈಗೂ ಒತ್ತಿ ಹಿಡಿದು, ಕೀಲಿ ತಿರುಗಿಸಲು ಹೇಳಿದರು. ಆ ಎರಡು ಜಾಗಗಳ ನಡುವೆ ವ್ಯತ್ಯಾಸ ಹೆಚ್ಚೆಂದರೆ ಅರ್ಧ ವೋಲ್ಟಿನೊಳಗಿರಬೇಕು. ಮೀಟರು ಮೂರನ್ನು ಮೀರಿತು. ಬ್ಯಾಟರಿಯ ಕೆಳಗೆ, ಕಾರಿನ ಮೈಗೆ ಅರ್ತ್ ತಂತಿಯನ್ನು ಬಿಗಿದ ಬೋಲ್ಟಿನ ಬುಡದಲ್ಲಿ ತುಕ್ಕು ಹಿಡಿದಿತ್ತು. ಎಂಜಿನ್ನಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಹಸಿರುಗಟ್ಟಿ ಅರ್ಧ ಹರಿದಿತ್ತು.

ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದವನು. ಸ್ಟಾರ್ಟರ್ ಮೋಟಾರು ಎಳೆಯುವುದು 150 ಆಂಪಿಯರ್ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಓಮಿನ ನೂರರಲ್ಲಿ ಎರಡೇ ಭಾಗದಷ್ಟು ರೋಧವಿದ್ದರೂ ಅಲ್ಲಿ ಮೂರು ವೋಲ್ಟು ಸೋರಿಹೋಗುತ್ತದೆ. ಓಮನ ನಿಯಮವನ್ನು ಸಾವಿರಾರು ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ ನಾನು, ವಿದ್ಯುತ್ತು ಬ್ಯಾಟರಿಯಿಂದ ಹೊರಟು ಹೋಗುವುದಷ್ಟೇ ಅಲ್ಲ, ಮರಳಿಯೂ ಬರಬೇಕು ಎಂಬ ಮೊದಲ ಪಾಠವನ್ನೇ ಮರೆತಿದ್ದೆ. ಬಿಸಿಲಿನಲ್ಲಿ ಏರು ಹತ್ತುವಾಗ ಎ.ಸಿ., ಪಂಖ, ಕಾಯಿಲುಗಳೆಲ್ಲ ಒಟ್ಟಿಗೆ ವಿದ್ಯುತ್ತು ಬೇಡುತ್ತಿದ್ದವು. ಕಾದ ಕೊಂಡಿ ಇನ್ನಷ್ಟು ಸಡಿಲಗೊಳ್ಳುತ್ತಿತ್ತು. ಕಂಪ್ಯೂಟರಿಗೆ ಸಾಕಷ್ಟು ವೋಲ್ಟೇಜ್ ಸಿಗದೆ ಎಂಜಿನ್ ಆರುತ್ತಿತ್ತು. ಹುಣಸೆ ಮರ ನಿರಪರಾಧಿ.

ಆದರೆ ಪ್ರತಿ ರಿಪೇರಿಯ ನಂತರ ಕಾರು ಕೆಲವು ದಿನ ಸರಿಯಾಗಿ ಓಡಿದ್ದೇಕೆ? ಅವರು ನಕ್ಕದ್ದು ಅದಕ್ಕೇ. ಬ್ಯಾಟರಿ ಬದಲಿಸುವಾಗ, ಕಾಯಿಲ್ ಬಿಚ್ಚುವಾಗ, ಸ್ಟಾರ್ಟರ್ ಇಳಿಸುವಾಗ, ಎಲ್ಲರೂ ಮೊದಲು ಮಾಡುವುದು ಆ ಋಣ ತಂತಿಯನ್ನು ಕಳಚಿ ಕೊನೆಗೆ ಮತ್ತೆ ಬಿಗಿಯುವುದು. ಆ ಎಳೆದಾಟದಲ್ಲಿ ತುಕ್ಕು ಅಲ್ಪಸ್ವಲ್ಪ ಕೆರೆದು ಕೊಂಡಿ ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತಿತ್ತು. ತಪ್ಪು ಚಿಕಿತ್ಸೆಯೊಂದೊಂದೂ ಗುಣವಾದಂತೆ ತೋರುತ್ತಿತ್ತು. ಹಾಗಾಗಿ ಯಾರಿಗೂ ತಾವು ತಪ್ಪಿದೆವೆಂದು ತಿಳಿಯಲಿಲ್ಲ. ಮೋಸ ಮಾಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲವೆಂದೇ ನಾನು ನಂಬುತ್ತೇನೆ. ಇದು ಮೋಸಕ್ಕಿಂತ ದುಬಾರಿಯಾದದ್ದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರೂ ಭೌತವಿಜ್ಞಾನದ ಮೇಷ್ಟರೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರ ನೇತೃತ್ವದಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚನೆಯಾಯಿತು. ತಾಯತ ಕಟ್ಟಿದ ಮೇಲೆ ಜ್ವರ ಇಳಿಯಿತು, ಆದ್ದರಿಂದ ತಾಯತದಿಂದಲೇ ಇಳಿಯಿತು ಎನ್ನುವವರನ್ನು ಕಂಡು ನಾನು ಬದುಕಿಡೀ ನಕ್ಕಿದ್ದೇನೆ. ನಾನು ಕಟ್ಟಿಸಿಕೊಂಡ ತಾಯತಗಳಿಗೆ ರಸೀದಿಗಳಿದ್ದವು, ಅಷ್ಟೇ ವ್ಯತ್ಯಾಸ.

ಹೊಸ ಪಟ್ಟಿಗೂ ಕೂಲಿಗೂ ಸೇರಿ ಅವರು ಪಡೆದದ್ದು ಐನೂರು ರೂಪಾಯಿ. ಇಂಥವರ ಶೆಡ್ಡಿಗೆ ಇನ್ನು ಎಷ್ಟು ದಿನ ಕೆಲಸ ಬರುತ್ತದೆಯೋ ಹೇಳಲಾಗದು. ಕೀಲಿಯೊಳಗೆ ಚಿಪ್ಪು ಇರುವ, ಪ್ರತಿ ಬಿಡಿಭಾಗವನ್ನೂ ಕಂಪೆನಿಯ ತಂತ್ರಾಂಶಕ್ಕೆ ಪರಿಚಯಿಸಬೇಕಾದ ಕಾರುಗಳು ಬಂದಾಗ ತಾನು ಕೈಮುಗಿದು ಕಳಿಸಿಬಿಡುತ್ತೇನೆ ಎಂದರು. ತಂತಿಗಳ ನಕ್ಷೆಯೊಂದು ಸಿಕ್ಕರೆ ಸಾಕಂತೆ, ಅದೂ ಸಿಗುವುದಿಲ್ಲವಂತೆ. ಇದು ಚಿಂತಾಮಣಿಯ ಒಬ್ಬರ ಅಳಲಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಲಕರಣೆಗಳನ್ನೂ ಸ್ವತಂತ್ರ ರಿಪೇರಿಗಾರರಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ ಹದಿನಾಲ್ಕು ಕಾರು ಕಂಪೆನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ದಂಡ ಮೇಲ್ಮನವಿಗಳ ಹಾದಿ ಹಿಡಿಯಿತು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರಿಪೇರಿಯ ಹಕ್ಕು' ಪೋರ್ಟಲ್ ತೆರೆದು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಪೋರ್ಟಲ್ ಎಂದರೆ ಕಂಪೆನಿಗಳು ತಾವಾಗಿ ಕೊಟ್ಟಷ್ಟು ಮಾಹಿತಿ. ನಕ್ಷೆ, ಪರೀಕ್ಷಾ ವಿಧಾನಗಳನ್ನು ನ್ಯಾಯವಾದ ಬೆಲೆಗೆ ಯಾರಿಗಾದರೂ ಮಾರಲೇಬೇಕೆಂದು ಕಾನೂನು ಕಡ್ಡಾಯ ಮಾಡದೆ ಇದು ಚಿಂತಾಮಣಿಯ ತಗಡಿನ ಶೆಡ್ಡಿನವರೆಗೆ ಇಳಿಯಲಾರದು.

ಮಾಲೀಕರಾದ ನಾವೂ ಕೈಕಟ್ಟಿ ಕೂರಬೇಕಾಗಿಲ್ಲ. ಕಾರು ನಿಂತಾಗಲೆಲ್ಲ ಹೊತ್ತು, ಓಡಿದ ದೂರ, ಉರಿಯುತ್ತಿದ್ದ ದೀಪಗಳನ್ನು ಬರೆದಿಡಲು ಎರಡು ನಿಮಿಷ ಸಾಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬಹುದು. ಅದು ಕೆಟ್ಟಿದೆಯೆಂದು ಯಾವ ಪರೀಕ್ಷೆಯಿಂದ ತಿಳಿಯಿತೆಂದು ಜಾಬ್ ಕಾರ್ಡಿನಲ್ಲೇ ಬರೆಸಬಹುದು. ಒಂದೇ ದೋಷಕ್ಕೆ ಮೂರು ಬಾರಿ ಹಣ ತೆತ್ತವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಬಾಗಿಲು ತೆರೆದಿದೆ. ಅಲ್ಲಿಯೂ ಈ ಕಾಗದಗಳೇ ಮಾತಾಡಬೇಕು. ವಿದ್ಯುತ್ ಕಾರು ಕೊಂಡರೆ ಈ ಗೋಳಿಲ್ಲವೆಂದು ಮಗ ಹೇಳುತ್ತಾನೆ. ಅದರಲ್ಲೂ ದೀಪ, ಕಂಪ್ಯೂಟರುಗಳಿಗಾಗಿ ಹನ್ನೆರಡು ವೋಲ್ಟಿನ ಪುಟ್ಟ ಬ್ಯಾಟರಿಯೊಂದು ಇರುತ್ತದೆ, ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ ಎಂದು ನಾನು ಅವನಿಗೆ ಹೇಳಿದ್ದೇನೆ.

ಆ ಜೂನ್‌ನಿಂದ ಈಚೆಗೆ ನಾವು ಒಂದು ಸರದಿಯನ್ನೂ ತಪ್ಪಿಸಿಕೊಂಡಿಲ್ಲ. ಆದರೂ ಮಂಚೇನಹಳ್ಳಿ ದಾಟಿ ಏರು ಎದುರಾದೊಡನೆ, ಎಂಥ ಬಿಸಿಲಿದ್ದರೂ, ಭಾವನವರು ಏನೂ ಹೇಳದೆ ಕೈಚಾಚಿ ಎ.ಸಿ. ಆರಿಸುತ್ತಾರೆ. ಹುಣಸೆ ಮರ ಹಿಂದಾದ ಮೇಲೆ ಮತ್ತೆ ಹಾಕುತ್ತಾರೆ.